ಕೇಳುವುದನ್ನು ಬಿಟ್ಟ ಮಗಳು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಮರುಳಸಿದ್ಧರೆಂಬ ಗುರುಗಳು ಅಲ್ಲಿದ್ದರು.

ಅವರ ಹಳೆಯ ಶಿಷ್ಯ ಚೆನ್ನಮಲ್ಲ ಒಂದು ಸಂಜೆ ಏಳು ವರ್ಷದ ಮಗಳು ಗೌರವ್ವನನ್ನು ಕರೆದುಕೊಂಡು ಬಂದ.

"ಗುರುಗಳೇ, ಇವಳಿಗೆ ಕಲಿಯುವ ಆಸೆಯೇ ಹೋಗಿದೆ. ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸುತ್ತಾಳೆ. ತಾನಾಗಿ ಏನನ್ನೂ ಕೇಳುವುದಿಲ್ಲ."

"ಮೊದಲು ಕೇಳುತ್ತಿದ್ದಳೋ?"

"ಬೆಳಗಾದರೆ ಶುರು. ಮೀನು ನಿದ್ದೆ ಮಾಡುತ್ತದೆಯೇ, ನೆರಳಿಗೆ ಯಾಕೆ ಕಣ್ಣಿಲ್ಲ... ತಲೆ ಚಿಟ್ಟು ಹಿಡಿಯುತ್ತಿತ್ತು."

ಗುರುಗಳು ಹುಡುಗಿಯ ಕೈ ಹಿಡಿದು ಹೊಳೆಯ ಕಡೆಗೆ ನಡೆದರು. ಚೆನ್ನಮಲ್ಲ ಹಿಂದೆ ಹೋದ.

ಮರಳಿನ ಮೇಲೆ ಒಂದು ಮಿಂಚುಳ್ಳಿ ಸತ್ತು ಬಿದ್ದಿತ್ತು. ರೆಕ್ಕೆಯ ನೀಲಿ ಇನ್ನೂ ಮಾಸಿರಲಿಲ್ಲ. ಇರುವೆಗಳು ಆಗಲೇ ಬಂದಿದ್ದವು.

ಗೌರವ್ವ ಬಗ್ಗಿ ನೋಡಿದಳು. ತುಟಿ ಅಲುಗಿತು.

"ಕೇಳು ತಾಯಿ," ಅಂದರು ಗುರುಗಳು.

ಅವಳು ಅಪ್ಪನ ಮುಖ ನೋಡಿದಳು. ನೆಟ್ಟಗೆ ನಿಂತು ಕೈ ಕಟ್ಟಿದಳು.

"ದೇಹ ಅಳಿಯುತ್ತದೆ, ಆತ್ಮ ಅಳಿಯುವುದಿಲ್ಲ. ತಿಳಿದವರು ಅಳುವುದಿಲ್ಲ."

ಒಂದಕ್ಷರವೂ ತಪ್ಪಿರಲಿಲ್ಲ. ಒಪ್ಪಿಸಿದವಳೇ ದೂರ ಹೋಗಿ, ಹಕ್ಕಿಗೆ ಬೆನ್ನು ಮಾಡಿ ಕೂತಳು.

ಗುರುಗಳು ಚೆನ್ನಮಲ್ಲನ ಕಡೆ ತಿರುಗಿದರು.

"ಇದನ್ನು ಯಾವಾಗ ಕಲಿಸಿದೆ?"

"ಅವಳವ್ವ ತೀರಿಕೊಂಡಾಗ."

"ಆಗ ಅವಳು ಏನು ಕೇಳಿದ್ದಳು?"

ಚೆನ್ನಮಲ್ಲ ತಲೆ ತಗ್ಗಿಸಿದ. "ಮಣ್ಣು ಮಾಡಿ ಮನೆಗೆ ಬಂದಿದ್ದೆವು. ಅಪ್ಪಾ, ಅವ್ವನಿಗೆ ಅಲ್ಲಿ ಕತ್ತಲಾಗುವುದಿಲ್ಲವಾ, ಅಂದಳು."

"ನೀನು?"

"ಹಾಗೆಲ್ಲ ಕೇಳಬಾರದು ಅಂದೆ. ಕೂರಿಸಿಕೊಂಡು ಈ ಮಾತು ಕಲಿಸಿದೆ. ತಪ್ಪಿದಾಗಲೆಲ್ಲ ಮತ್ತೆ ಹೇಳಿಸಿದೆ. ಬರಬರುತ್ತಾ ಅಳು ನಿಂತಿತು. ಸದ್ಯ, ಒಳ್ಳೆಯದಾಯಿತು ಅಂದುಕೊಂಡೆ."

ಅವನು ದೂರ ಕೂತ ಮಗಳ ಕಡೆ ನೋಡಿದ. ಆಮೇಲೆ ತನಗೇ ಎಂಬಂತೆ ಅಂದ: "ಅದಾದ ಮೇಲೆ ಅವಳು ಏನನ್ನೂ ಕೇಳಿಲ್ಲ."

"ನಿನಗೆ ಗೊತ್ತಿತ್ತೇ, ಅಲ್ಲಿ ಕತ್ತಲಾಗುತ್ತದೋ ಇಲ್ಲವೋ?"

ಚೆನ್ನಮಲ್ಲ ಎಷ್ಟೋ ಸಭೆಗಳಲ್ಲಿ ಶಾಸ್ತ್ರ ಹೇಳಿದವನು.

"ಇಲ್ಲ ಗುರುಗಳೇ. ದಿನಾ ದೀಪ ಆರಿಸುವಾಗ ನನಗೂ ಅದೇ ನೆನಪಾಗುತ್ತದೆ. ನನಗೆ ಗೊತ್ತಿಲ್ಲ."

ಅವನು ಮರಳಿನಲ್ಲೇ ಕುಸಿದು ಕೂತು ಅತ್ತ. ಗುರುಗಳು ತಡೆಯಲಿಲ್ಲ.

ಹೊಳೆಯ ಮೇಲಿನ ಬೆಳಕು ಹೋಗುತ್ತಿತ್ತು. ಗೌರವ್ವ ತಿರುಗಿ ನೋಡಲಿಲ್ಲ.

ಕೊನೆಗೆ ಚೆನ್ನಮಲ್ಲ ಮುಖ ಒರೆಸಿಕೊಂಡ. "ಇನ್ನು ಅವಳಿಗೆ ನಾನು ಏನು ಕಲಿಸಲಿ?"

ಗುರುಗಳು ಕೇಳಿದರು: "ಈಗ ನನಗೆ ಹೇಳಿದೆಯಲ್ಲ, ಅದನ್ನು ಅವಳಿಗೆ ಯಾವತ್ತಾದರೂ ಹೇಳಿದ್ದೀಯಾ?"