ಅಳಿಲು ಹೊತ್ತ ಬೈಗುಳ

ಉತ್ತರದ ಹಿಮನಾಡಿನ ನಾರ್ಸ್ ಜನರ ಪುರಾಣದಲ್ಲಿ ಒಂಬತ್ತು ಲೋಕಗಳನ್ನು ಒಂದೇ ಮರ ಹೊತ್ತು ನಿಂತಿದೆ. ಅದರ ಹೆಸರು ಇಗ್ಡ್ರಸಿಲ್. ತುದಿಯಲ್ಲಿ ಒಂದು ಹದ್ದು, ಬುಡದಲ್ಲಿ ಬೇರು ಕಡಿಯುವ ನಿಡ್‌ಹೋಗ್ ಎಂಬ ಘಟಸರ್ಪ, ನಡುವೆ ರಟಟೋಸ್ಕ್ ಎಂಬ ಅಳಿಲು. ಹದ್ದಿನ ಬೈಗುಳವನ್ನು ಕೆಳಗೆ, ಸರ್ಪದ ಬೈಗುಳವನ್ನು ಮೇಲೆ ಒಯ್ಯುವುದೇ ಅಳಿಲಿನ ಕಸುಬು. ಒಂದಕ್ಕೆರಡು ಸೇರಿಸಿ ಹೇಳುವುದರಲ್ಲಿ ಅದಕ್ಕೆ ಸರಿಸಾಟಿಯಿರಲಿಲ್ಲ.

ಒಂದು ಬೆಳಿಗ್ಗೆ ಅದರ ಹೆಂಡತಿ, "ಏನ್ರೀ, ನಮ್ಮ ಪೊಟರೆ ಬಿರುಕು ಬಿಟ್ಟಿದೆ. ಮರಿಗಳು ಇನ್ನೂ ಕಣ್ಣು ತೆರೆದಿಲ್ಲ. ನೀವು ಕೆಳಗೆ ಹೋದಾಗಲೆಲ್ಲ ಮರ ನಡುಗುತ್ತದೆ," ಎಂದಿತು.

"ಕಚ್ಚುವುದು ಸರ್ಪ. ನಾನು ಬರೀ ಮಾತು ಒಯ್ಯುವವನು," ಎಂದಿತು ಅಳಿಲು. ಆದರೆ ಬಿರುಕಿನಲ್ಲಿ ಮುಂಗಾಲಿಟ್ಟರೆ ಕಾಲು ಪೂರ್ತಿ ಒಳಗೆ ಹೋಯಿತು. ಅಂದು ಅಳಿಲು ಹದ್ದು ಹೇಳಿಕಳಿಸಿದ್ದನ್ನೆಲ್ಲ ನುಂಗಿಕೊಂಡು ಕೆಳಗಿಳಿಯಿತು.

"ಬಾರಯ್ಯ ಬಾಲದ ದೂತ, ಆ ಬೋಳುತಲೆಯವನು ಏನಂದ?" ಎಂದು ಸರ್ಪ ಕೇಳಿತು.

"ಏನೂ ಅನ್ನಲಿಲ್ಲ ಸ್ವಾಮಿ."

"ನನ್ನ ಬಗ್ಗೆಯೂ?"

"ಯಾರ ಬಗ್ಗೆಯೂ ಇಲ್ಲ. ಸುಮ್ಮನೆ ಕೂತಿದ್ದಾನೆ."

ಸರ್ಪ ಹೆಡೆಯೆತ್ತಿತು. "ಒಂದು ಮಾತಿಗೂ ನಾನು ಯೋಗ್ಯನಲ್ಲ ಎಂದಾಯಿತು. ಇಷ್ಟು ದಿನ ನೀನು ತಂದದ್ದರಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ," ಎಂದು ಎಂದಿಗಿಂತ ಆಳವಾಗಿ ಬೇರಿಗೆ ಹಲ್ಲಿಳಿಸಿತು.

ಮೇಲೆ ಪೊಟರೆ ಸೀಳಿದ ಸದ್ದು ಕೇಳಿತು. ದಿನವೂ ಹತ್ತಿಳಿದ ಮರ ಎಷ್ಟು ಎತ್ತರವಿದೆ ಎಂಬುದು ಮರಿಗಳ ಕಡೆಗೆ ಓಡುತ್ತಿದ್ದ ಅಳಿಲಿಗೆ ಅಂದೇ ಗೊತ್ತಾದದ್ದು.