ಗೌಡರು ಎತ್ತಿದ ಗಾಡಿ

ಆನೆಗೊಂದಿಯ ಗುಡ್ಡದಲ್ಲಿ ಪ್ರವಾಸಿಗರು ಗುಡ್ಡ ಹತ್ತುವ ನಾಲ್ಕು ಚಕ್ರದ ಎಟಿವಿ ಗಾಡಿ ಓಡಿಸುವಾಗ ಹಿಂದೆ ಕೂತು ದಾರಿ ತೋರಿಸುವುದು ಹುಲಿಗೆಮ್ಮನ ಕೆಲಸ. ಆವತ್ತು ದಢೂತಿ ಶೇಖರಗೌಡರು ತಮ್ಮ ಷಡ್ಡಕನಿಗಿಂತ ಮೊದಲು ತುದಿ ಮುಟ್ಟುವ ಪಂಥ ಕಟ್ಟಿದ್ದರು. ಷಡ್ಡಕನ ಗಾಡಿ ಬಹಳ ಹಿಂದೆ ಬರುತ್ತಿತ್ತು. ಅರ್ಧ ದಾರಿಯಲ್ಲಿ ಇವರ ಬಲಗಡೆಯ ಟೈರು ಪಂಕ್ಚರ್ ಆಗಿ ರಿಮ್ಮಿನಿಂದ ಕಳಚಿಕೊಂಡಿತು.

“ನಾ ಇಳಿಯಂಗಿಲ್ಲ, ಕೈ ಹಚ್ಚಂಗಿಲ್ಲ. ಸೋತ್ರ ನಿಮ್ಮ ಮಾಲಕಗ ಹೇಳ್ತೀನಿ, ನಾಳೆಯಿಂದ ನಿನಗ ಕೆಲಸ ಇರಂಗಿಲ್ಲ,” ಎಂದರು ಗೌಡರು.

ಚೀಲದಲ್ಲಿ ತೂತು ಮುಚ್ಚುವ ರಬ್ಬರ್ ಇತ್ತು, ಗಾಳಿ ಪಂಪು ಇತ್ತು. ಗಾಡಿ ಎತ್ತುವ ಜಾಕ್ ಇರಲಿಲ್ಲ. ಹುಲಿಗೆಮ್ಮ ಗೌಡರ ಹೊಟ್ಟೆಯನ್ನೊಮ್ಮೆ ನೋಡಿದಳು. ಥಟ್ಟನೆ ಒಂದು ದಪ್ಪ ಕಲ್ಲನ್ನು ಗಾಡಿಯ ನಡುಭಾಗದ ಕೆಳಗೆ ತುರುಕಿದಳು.

“ಇಳೀಬ್ಯಾಡ್ರಿ ಸಾಹೇಬ್ರ. ಎಡಗಡೆ ಅಂಚಿಗೆ ಸರಿದು ಕುಂದರ್ರಿ. ನಿಮ್ಮ ಷಡ್ಡಕರು ಎಲ್ಲಿ ಬಂದಾರಂತ ಅಲ್ಲಿಂದ ಕಾಣತೈತಿ.”

ಗೌಡರು ಸರಿದರು. ಗಾಡಿ ಎಡಕ್ಕೆ ವಾಲಿತು, ಬಲಗಡೆಯ ಚಕ್ರ ಮೇಲೆದ್ದಿತು.

“ಇನ್ನೂ ಕೆಳಗ ಅದಾನ,” ಎಂದು ಅವರು ಹಿಗ್ಗಿ ಮತ್ತಷ್ಟು ವಾಲಿದರು. ಅಷ್ಟರಲ್ಲಿ ಅವಳು ತೂತು ಮುಚ್ಚಿ, ಟೈರು ಕೂರಿಸಿ, ಗಾಳಿ ತುಂಬಿಬಿಟ್ಟಳು.

“ಜಾಕ್ ಇಲ್ಲದ ಹೆಂಗ ಎತ್ತಿದಿ?”

“ನಾ ಎಲ್ಲಿ ಎತ್ತಿದೆನ್ರಿ? ನೀವ ಎತ್ತಿದ್ರಿ.”

ಗೌಡರು ಕಲ್ಲನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿದರು, ಗಾಡಿ ಬಿಟ್ಟರು. ಷಡ್ಡಕನಿಗಿಂತ ಒಂದು ಮಾರು ಮೊದಲು ತುದಿ ಮುಟ್ಟಿ ಅವನ ಮುಂದೆ ಮೀಸೆ ತಿರುವಿದರು.

“ನಡುವ ಪಂಕ್ಚರ್ ಆತು ನೋಡು. ಗಾಡಿ ನಾ ಒಬ್ಬನ ಎತ್ತೀನಿ. ಬೇಕಾದ್ರ ಈಕಿನ್ನ ಕೇಳು.”

ಹುಲಿಗೆಮ್ಮ ಗಂಭೀರವಾಗಿ ಹೌದೆಂದು ತಲೆಯಾಡಿಸಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.