ಬಸವನಹುಳು ಕೊಟ್ಟ ಪೆನಾಲ್ಟಿ

ಕೋತಿಗಳಿಗೂ ಮೊಲಗಳಿಗೂ ಫುಟ್‌ಬಾಲ್ ಪಂದ್ಯ ನಡೆದಿತ್ತು. ಮೊಲ ಒದ್ದ ಚೆಂಡು ಗೋಲಿನ ಮುಂದಿದ್ದ ಕೋತಿಯ ಕೈಗೆ ಬಡಿಯಿತು. ವಿಡಿಯೊ ನೋಡಿ ತೀರ್ಪು ಕೊಡುವ ಕೆಲಸ ಬಸವನಹುಳುವಿನದು. ಅದು ವಿಡಿಯೊವನ್ನು ತನ್ನ ನಡಿಗೆಯಷ್ಟೇ ನಿಧಾನವಾಗಿ ಓಡಿಸಿ ನೋಡಿ, "ಕೈ ಚೆಂಡಿನ ಕಡೆಗೇ ಹೋಗಿದೆ. ಬೇಕೆಂದೇ ಮಾಡಿದ್ದು. ಪೆನಾಲ್ಟಿ," ಎಂದಿತು.

ಕೋತಿಗಳ ಒಂದು ಪಂದ್ಯವನ್ನೂ ತಪ್ಪಿಸದೆ ನೋಡುವ ಕಾಗೆ ಬೇಲಿಯಿಂದ ಇಳಿದು ಬಂದು, ಬಸವನಹುಳುವಿನ ಮುಖದೆದುರು ಪಟ್ಟನೆ ರೆಕ್ಕೆ ಬಡಿಯಿತು. ಅದರ ಕೊಂಬುಗಳು ಒಳಸೇರಿದವು.

"ಕೊಂಬನ್ನು ಬೇಕೆಂದೇ ಎಳೆದುಕೊಂಡೆಯಾ?" ಎಂದು ಕಾಗೆ ಕೇಳಿತು.

"ಇಲ್ಲಪ್ಪ, ತಾನಾಗಿಯೇ ಒಳಗೆ ಹೋಯಿತು."

"ಅದೂ ಕ್ಯಾಮೆರಾದಲ್ಲಿ ಸೆರೆಯಾಗಿದೆ. ಆ ವಿಡಿಯೊವನ್ನೂ ಹಾಗೇ ನಿಧಾನವಾಗಿ ನೋಡು. ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ನೀನು ನೋಡುವವರೆಗೂ ನಾನು ಇಲ್ಲಿಂದ ಕದಲುವುದಿಲ್ಲ."